ಹೊನ್ನಿಯ ಪರವಾಗಿ

ಹೊನ್ನಿ ಹುಟ್ಟಿದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಮಂಡಕ್ಕಿ ಗಿರ್ಮಿಟ್. ಬ್ಯಾಡಗಿ ಪೇಟೆಯ ಹಿಂದಿನ ಸರ್ಕಾರಿ ಶಾಲೆಯಲ್ಲಿ, ಬಿಸಿಯೂಟದ ಅಕ್ಕಿಮೂಟೆಗಳ ಪಕ್ಕದ ಪುಟ್ಟ ಕೋಣೆಯಲ್ಲಿ, ಅವಳ ಕೊರಳಿಗೆ ಸುತ್ತಿದ ಬೂದು ಪಟ್ಟಿಯೊಳಗಿಂದ ಎಳೆಯ ದನಿಯೊಂದು, "ಯವ್ವಾ, ನನಗ ಗಿರ್ಮಿಟ್ ಬೇಕು" ಅಂದಿತು. ಎದುರಿಗೆ ಕೂತಿದ್ದ ತಾಯಿ ಫಕ್ಕೀರವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಂಗಳದಿಂದ ನೇರವಾಗಿ ಬಂದವಳು. ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಆಕೆ ಅತ್ತದ್ದರಲ್ಲಿ ಸಂತೋಷ ಎಷ್ಟು, ಖಾರ ಎಷ್ಟು ಎಂದು ಆಕೆಗೇ ತಿಳಿಯಲಿಲ್ಲ.

ಪ್ರಮೀಳಾ ಹಾದಿಮನಿಯೂ ಅತ್ತಳು. ಅವಳು ಅಳಬೇಕಾದದ್ದೇ. ಶಾಲೆಗಳಲ್ಲಿ ವಾಕ್ ಚಿಕಿತ್ಸೆಯ ಸಹಾಯಕಿಯಾಗಿ ದುಡಿಯುತ್ತಿದ್ದ ಅವಳಿಗೆ ಇಂಥ ದಿನಗಳು ಅಪರೂಪ. ಡಾಕ್ಟರು ತಿಂಗಳಿಗೊಮ್ಮೆ ಬಂದು, ಮಕ್ಕಳ ಬಾಯೊಳಗೆ ಟಾರ್ಚು ಬಿಟ್ಟು, ಇಂಥಿಂಥದ್ದು ಮಾಡಿಸು ಎಂದು ಹೇಳಿ ಕಾರು ಹತ್ತುತ್ತಿದ್ದರು. ಮಾಡಿಸುವ ಪಾಡು ಇವಳದು. ಸೀಳುತುಟಿ ಹೊಲಿಸಿಕೊಂಡ ಮಕ್ಕಳಿಂದ ತಟ್ಟೆಯ ನೀರಿನಲ್ಲಿ ಕಾಗದದ ದೋಣಿ ಊದಿಸುವುದು, ನಾಲಿಗೆ ಏಳದವರಿಗೆ ತುಟಿಯ ಮೂಲೆಗೆ ಬೆಲ್ಲ ಹಚ್ಚಿ ಕನ್ನಡಿಯೆದುರು ನೆಕ್ಕಿಸುವುದು, ತೊದಲುವವರ ಮುಂದೆ ಗಡಿಯಾರ ನೋಡದೆ ಕೂರುವುದು. ವರ್ಷವಿಡೀ ಬೆವರು ಸುರಿಸಿದರೆ ಒಂದು ಮಗುವಿನ ಒಂದು ಅಕ್ಷರ ನೆಟ್ಟಗಾಗುತ್ತಿತ್ತು. ಆ ಮಗುವನ್ನು ದೊಡ್ಡ ರಜೆ ಮತ್ತೆ ಮೊದಲಿನಂತೆ ಮಾಡಿ ಕಳಿಸುತ್ತಿತ್ತು.

ಹೊನ್ನಿಯದು ಅದಕ್ಕಿಂತ ಕಷ್ಟದ ಕತೆ. ಹುಟ್ಟುವಾಗ ತಡವಾಗಿ ಅತ್ತ ಕೂಸು. ತಲೆಯೊಳಗೆ ಎಲ್ಲವೂ ನೆಟ್ಟಗಿತ್ತು, ಆದರೆ ನಾಲಿಗೆ, ದವಡೆ, ಗಂಟಲು ಒಂದೂ ಅವಳ ಮಾತು ಕೇಳುತ್ತಿರಲಿಲ್ಲ. ಕೈಗಳಲ್ಲಿ ಪೆನ್ಸಿಲು ನಿಲ್ಲುತ್ತಿರಲಿಲ್ಲ, ತಲೆ ಸದಾ ಓಲಾಡುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಉದ್ದನೆಯ ಒಂದೇ "ಆಂ". ಆ "ಆಂ"ನಲ್ಲಿ ನೀರು ಯಾವುದು, ನಿದ್ದೆ ಯಾವುದು, ಸಿಟ್ಟು ಯಾವುದು ಎಂದು ಗುರುತಿಸಬಲ್ಲವರು ಊರಿನಲ್ಲಿ ಇಬ್ಬರೇ. ಒಬ್ಬಳು ಹೆತ್ತವಳು, ಇನ್ನೊಬ್ಬಳು ಪ್ರಮೀಳಾ.

ಆ ಕಾರಣಕ್ಕೇ 'ನಾದಸೇತು' ಕಂಪನಿಯವರು ಪ್ರಮೀಳಾಳನ್ನು ಹುಡುಕಿಕೊಂಡು ಬಂದಿದ್ದರು. ಅವರ ಕೊರಳಪಟ್ಟಿ ಗಂಟಲಿನ ಸದ್ದನ್ನು ಕೇಳುತ್ತಿರಲಿಲ್ಲ. ಮಾತಾಡಲು ಹೊರಟಾಗ ಗಂಟಲು, ದವಡೆಗಳ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆಗಳನ್ನು ಹಿಡಿಯುತ್ತಿತ್ತು. ಯಾವ ಅಲೆಗೆ ಯಾವ ಮಾತು ಎಂದು ಯಾರಾದರೂ ಅದಕ್ಕೆ ಕಲಿಸಬೇಕಿತ್ತು. ಹೊನ್ನಿ "ಆಂ" ಅನ್ನಬೇಕು, ಪ್ರಮೀಳಾ ಅವಳ ಮುಖ ನೋಡಿ ಅದನ್ನು ನೆಟ್ಟಗಿನ ಕನ್ನಡದಲ್ಲಿ ಮೈಕಿಗೆ ಹೇಳಬೇಕು, ಯಂತ್ರ ಎರಡನ್ನೂ ಗಂಟು ಹಾಕಿಕೊಳ್ಳಬೇಕು. ಒಂದು ಶಾಲಾ ವರ್ಷ ಹೀಗೇ ನಡೆಯಿತು. ಅದರ ಫಲವೇ ಗಿರ್ಮಿಟ್.

ಅಲ್ಲಿಂದ ಮುಂದಿನ ಎರಡು ವರ್ಷ ಪ್ರಮೀಳಾಳ ಬಾಳಿನ ಒಳ್ಳೆಯ ಕಾಲ. ಹೊನ್ನಿ ಎಲ್ಲರೊಂದಿಗೆ ಮಾತಾಡಿದಳು. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಮಾತು ಕೇಳಿದಳು. ಊಟ ಬಡಿಸಿದರೆ ತಟ್ಟೆ ಖಾಲಿ ಮಾಡಿದಳು. ಜ್ವರ ಬಂದ ದಿನವೂ ಶಾಲೆಗೆ ಹೋಗು ಅಂದರೆ ಹೋದಳು. ಮೆಣಸಿನಕಾಯಿ ಘಾಟಿಗೆ ಮೊದಲೆಲ್ಲ ಮೊಣಕೈಯಿಂದ ಅವ್ವನನ್ನು ನೂಕಿ ಅಂಗಳದಿಂದ ಹೊರಗೆ ಓಡುತ್ತಿದ್ದವಳು, ಈಗ "ಇಲ್ಲೇ ಕೂಡ್ತೀಯೇನು?" ಅಂದರೆ "ಆತ್ರಿ ಅಕ್ಕೋರ" ಅಂದು, ಕೆಮ್ಮುತ್ತ ಸಂಜೆಯ ತನಕ ಕೂರುತ್ತಿದ್ದಳು.

"ಮಾತು ಬಂದ ಮ್ಯಾಲೆ ಹುಡುಗಿ ಭಾಳ ಶಾಣ್ಯಾ ಆಗ್ಯಾಳ್ರಿ," ಎಂದು ಫಕ್ಕೀರವ್ವ ಎಲ್ಲರ ಮುಂದೆ ಹೇಳಿಕೊಂಡಳು. "ನನಗೂ ಅಕ್ಕೋರ ಅಂತಾಳ ನೋಡ್ರಿ, ಕಳ್ಳಿ!"

ಶಾಲೆಯ ಟೀಚರನ್ನು ಆ ಕಡೆ ಅಕ್ಕೋರ ಎಂದು ಕರೆಯುತ್ತಾರೆ. ಹೆತ್ತ ತಾಯಿಯನ್ನು, ಅಂಗಡಿಯವನನ್ನು, ಬಸ್ಸಿನ ಕಂಡಕ್ಟರನನ್ನು ಯಾರೂ ಹಾಗೆ ಕರೆಯುವುದಿಲ್ಲ. ಹೊನ್ನಿ ಕರೆಯುತ್ತಿದ್ದಳು. ಕೇಳಿದವರು ನಕ್ಕರು, ಕಂಪನಿಯವರು ಅದನ್ನು ವಿನಯ ಅಂದರು, ಪ್ರಮೀಳಾ ತನ್ನ ಮೇಲಿನ ಪ್ರೀತಿ ಎಂದುಕೊಂಡು ಒಳಗೊಳಗೇ ಉಬ್ಬಿದಳು.

ಆಮೇಲೆ ಒಳಪಟ್ಟಿ ಬಂತು. ಸಾಸಿವೆಯಷ್ಟು ದೊಡ್ಡ ಯಂತ್ರವನ್ನು ಗಂಟಲಿನ ನರಕ್ಕೇ ಜೋಡಿಸುವುದು. ಚಾರ್ಜು ಮಾಡುವಂತಿಲ್ಲ, ಬೆವರಿಗೆ ಕೆಡುವಂತಿಲ್ಲ, ಕಳಚುವಂತಿಲ್ಲ. ಒಮ್ಮೆ ಕೂರಿಸಿದರೆ ಸ್ವಂತ ಗಂಟಲಿನ ಸದ್ದು ಪೂರ್ತಿ ನಿಲ್ಲುತ್ತದೆ. ಅಳುವಾಗಲೂ ಸದ್ದು ಬರುವುದಿಲ್ಲ. ಇಂಥ ಆಪರೇಷನ್ನಿಗೆ ತಂದೆತಾಯಿಯ ಒಪ್ಪಿಗೆ ಸಾಲದು, ಮಗು ತನ್ನ ಬಾಯಿಂದಲೇ ಒಪ್ಪಬೇಕು ಎಂದು ಆ ಹೊತ್ತಿಗೆ ಕಾನೂನು ಬಂದಿತ್ತು. ಜಿಲ್ಲೆಯಲ್ಲಿ ಮೊದಲು ಆರಿಸಿದ್ದು ಹೊನ್ನಿಯನ್ನು. ಶಾಲೆಯ ಅಂಗಳದಲ್ಲಿ ಎಲ್ಲರೆದುರು ಅವಳನ್ನು ಕೇಳಿದರು. "ಆತ್ರಿ ಅಕ್ಕೋರ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮೀಳಾಳದೇ ಎಲ್ಲರಿಗಿಂತ ಜೋರು.

ಮರುದಿನ ರವಿವಾರ. ಹಾವೇರಿಯಿಂದ ನಾದಿನಿ ಕೂಸನ್ನು ಕರೆದುಕೊಂಡು ಬಂದಿದ್ದಳು. ಪ್ರಮೀಳಾಳ ಅತ್ತೆ ಬಸಲಿಂಗವ್ವ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ರಾಗಿ ಸರಿ ತಿನ್ನಿಸುತ್ತಿದ್ದಳು. ಕೂಸು ಬೆನ್ನು ಬಿಲ್ಲು ಮಾಡಿ, ಬಾಯಿ ಬಿಗಿಹಿಡಿದು, ನಡುನಡುವೆ ಕಿರುಚಿ ಮನೆ ಒಂದು ಮಾಡುತ್ತಿತ್ತು.

"ಆತ್ರಿ ಅಮ್ಮಾರ, ಇನ್ನೊಂದ ತುತ್ತು ಉಣ್ತೇನ್ರಿ," ಎಂದಳು ಅತ್ತೆ, ಕೂಸಿನ ಪರವಾಗಿ, ಕೂಸಿನ ದನಿ ತೆಗೆದು. "ಭಾಳ ರುಚಿ ಐತ್ರಿ, ಅಮ್ಮಾರ ಕೈಗುಣ ಚಲೋ ಐತ್ರಿ!" ಎನ್ನುತ್ತಲೇ ಚಮಚ ಒಳಗೆ ತುರುಕಿದಳು.

ನಾದಿನಿ ನಕ್ಕಳು. ಪ್ರಮೀಳಾಳೂ ನಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು.

ತಾನೂ ಇದನ್ನೇ ಮಾಡಿದ್ದಳಲ್ಲ! ಅವಳ ಕಸುಬಿನಲ್ಲಿ ಎಲ್ಲ ಸಹಾಯಕಿಯರೂ ಮಾಡುವುದೇ ಅದು. ಮಕ್ಕಳು ದಣಿಯುತ್ತವೆ, ಮುಖ ತಿರುಗಿಸುತ್ತವೆ, ಕನ್ನಡಿ ನೂಕುತ್ತವೆ. ಗದರಿದರೆ ಅಂದಿನ ಪಾಠ ಮುಗಿದಂತೆ. ಅದಕ್ಕೆ ಮಗುವಿನ ಪರವಾಗಿ ತಾವೇ, "ಆತ್ರಿ ಅಕ್ಕೋರ, ಇನ್ನೊಮ್ಮಿ ಮಾಡ್ತೇನ್ರಿ" ಎಂದು ಎಳೆ ದನಿಯಲ್ಲಿ ಹೇಳಿ ನಗಿಸುವುದು. ಮಗು ನಗುತ್ತದೆ, ಇನ್ನೊಮ್ಮೆ ಮಾಡುತ್ತದೆ. ಎಷ್ಟು ರೂಢಿಯಾಗಿತ್ತೆಂದರೆ, ಹಾಗೆ ಹೇಳುತ್ತಿದ್ದೇನೆ ಎಂಬುದೂ ಅವಳ ಗಮನದಲ್ಲಿರುತ್ತಿರಲಿಲ್ಲ. ಹೊನ್ನಿಯ ಪಟ್ಟಿಗೆ ಕಲಿಸುತ್ತಿದ್ದ ಆ ಇಡೀ ವರ್ಷವೂ ಹೇಳಿದ್ದಳು. ಮೈಕು ಚಾಲೂ ಇತ್ತು. ಹೊನ್ನಿ ಗಂಟಲು ಬಿಗಿದು, ಬ್ಯಾಡ ಎಂಬ ಅರ್ಥದಲ್ಲಿ "ಆಂ" ಅಂದಾಗಲೆಲ್ಲ ಯಂತ್ರ ಕೇಳಿಸಿಕೊಂಡದ್ದು ಒಂದೇ ಮಾತು. ಆತ್ರಿ ಅಕ್ಕೋರ.

ಅವಳು ಎದ್ದು ಹೋಗಿ ಅತ್ತೆಯ ಕೈಯಿಂದ ಚಮಚ ಕಸಿದುಕೊಂಡಳು. "ಹುಚ್ಚ ಹಿಡದೈತೇನು ಇಕಿಗೆ?" ಎಂದು ಅತ್ತೆ ಬೈದದ್ದು ಬೀದಿಗೆಲ್ಲ ಕೇಳಿಸಿತು.

ಮರುದಿನವೇ ಪ್ರಮೀಳಾ ಹುಬ್ಬಳ್ಳಿಗೆ, ನಾದಸೇತುವಿನ ಪ್ರಯೋಗಾಲಯಕ್ಕೆ ಹೋದಳು. ಗೋಡೆಯ ತುಂಬ ಪರದೆಗಳು. ಜಿಲ್ಲೆಜಿಲ್ಲೆಗಳ ಮಕ್ಕಳ ಕೊರಳಪಟ್ಟಿಗಳಿಂದ ಬರುವ ಹಸಿರು ಅಲೆಗಳು ಅವುಗಳ ಮೇಲೆ ಹರಿಯುತ್ತಿದ್ದವು. ಕೊರಳಪಟ್ಟಿಯ ಎಂಜಿನಿಯರು ಸಮೀನಾ ನದಾಫ್. ಬ್ಯಾಡಗಿಗೆ ಬಂದಾಗಲೆಲ್ಲ ಪ್ರಮೀಳಾಳ ಮನೆಯ ರೊಟ್ಟಿ ಉಂಡು ಹೋಗುತ್ತಿದ್ದವಳು. ಪ್ರಮೀಳಾ ಹೇಳಿದ್ದನ್ನೆಲ್ಲ ಕೇಳಿ ಅವಳು ವಾದಕ್ಕೆ ಇಳಿಯಲಿಲ್ಲ. ಹೊನ್ನಿಯ ಹಳೆಯ ಅಲೆಗಳನ್ನು ತೆಗೆದು, ಅವುಗಳ ಪಕ್ಕದಲ್ಲಿ ಪಟ್ಟಿ ಆಡಿದ ಮಾತುಗಳನ್ನು ಇಟ್ಟು ನೋಡತೊಡಗಿದಳು. ಮುಗಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ನೋಡಿದಳು.

"ಅಕ್ಕಾ, ಖರೇ ಐತಿ," ಅಂದಳು. "ಇಲ್ಲಿ ನೋಡ್ರಿ. ಈ ಎತ್ತರದ ಅಲಿ ಬಂದಾಗೆಲ್ಲ ಆತ್ರಿ ಅಂದೈತಿ. ಇದು ಸಿಟ್ಟಿನ ಅಲಿ. ಬ್ಯಾಡ ಅನ್ನೂದು."

"ಹಂಗಾರ ತಿದ್ದು ತಂಗಿ. ಈಗ ತಿದ್ದು. ಮುಂದಿನ ವಾರ ಆಪರೇಷನ್ ಐತಿ. ಅದು ಒಳಗ ಕುಂತ ಮ್ಯಾಲೆ ತಿದ್ದಾಕ ಬರ್ತೈತೇನು?"

"ಬರೂದಿಲ್ಲ." ಸಮೀನಾ ಪರದೆಯನ್ನು ಮುಂದಕ್ಕೆ ಸರಿಸಿದಳು. "ಮತ್ತ ಇದನ್ನೂ ನೋಡ್ರಿ. ತಿದ್ದಬೇಕಂದ್ರ ಆಕಿ ಬ್ಯಾಡ ಅನ್ನೂ ಅಲಿ ನನಗ ಈಗಿಂದು ಬೇಕು. ಹುಡುಗಿ ಬೆಳದಾಳ, ಗಂಟಲು ಬದಲಾಗೈತಿ, ಹಳೇದು ಕೂಡೂದಿಲ್ಲ. ಈಗಿಂದು ಇಲ್ಲ."

ಮೊದಲ ತಿಂಗಳುಗಳಲ್ಲಿ ಆ ಅಲೆ ಗುಡ್ಡದಂತೆ ಎದ್ದಿತ್ತು. ಬರಬರುತ್ತ ಕುಗ್ಗಿತ್ತು. ಕಳೆದ ವರ್ಷದಿಂದೀಚೆಗೆ ಬರೀ ಒಂದು ಗೆರೆ. ಕೇಳಿದ ಪ್ರಶ್ನೆಗೆ ಗಂಟಲಿನಿಂದ ಏನೂ ಬರದಿದ್ದರೆ, ನಾಲ್ಕು ಜನರೆದುರು ಮಗುವಿಗೆ ಅವಮಾನ ಆಗದಿರಲೆಂದು, ತನಗೆ ರೂಢಿಯಾದ ಉತ್ತರವನ್ನು ಪಟ್ಟಿ ತಾನೇ ಕೊಡುವಂತೆ ಕಂಪನಿಯವರು ಮಾಡಿಟ್ಟಿದ್ದರು. ಅದೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಈ ಕತೆಯಲ್ಲಿ ಕೆಟ್ಟ ಮನಸ್ಸಿನವರನ್ನು ಹುಡುಕಹೊರಟರೆ ಬರಿಗೈಲಿ ಬರಬೇಕಾಗುತ್ತದೆ.

"ಅಂದ್ರ ಆಕಿ ಒಪ್ಪ್ಯಾಳೇನು?" ಪ್ರಮೀಳಾ ಕೇಳಿದಳು. ಹೌದು ಅಂದುಬಿಡಲಿ ಎಂಬ ಆಸೆ ಅವಳಿಗಿತ್ತು.

"ಇಲ್ಲ ಅಕ್ಕಾ. ಅಂದ್ರೂ ಯಾರೂ ಕೇಳಂಗಿಲ್ಲ ಅಂತ ಅನ್ನೂದ ಬಿಟ್ಟಾಳ."

ಸಮೀನಾ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮುಚ್ಚಿಡುವ ಜಾತಿಯವಳಲ್ಲ. ಪ್ರಮೀಳಾ ಕಲಿಸಿದ ಪಾಠ ಎಲ್ಲರದಕ್ಕಿಂತ ಚೊಕ್ಕವಾಗಿತ್ತೆಂದು ಕಂಪನಿ ಅದನ್ನೇ ತಳಪಾಯ ಮಾಡಿಕೊಂಡು ಉಳಿದ ಪಟ್ಟಿಗಳನ್ನೆಲ್ಲ ಮಾಡಿತ್ತು. ಅವಳು ಗೋಡೆಯ ಒಂದು ಪರದೆಯ ದನಿ ಏರಿಸಿದಳು. ಯಾವುದೋ ಊರಿನ, ಯಾವುದೋ ಶಾಲೆಯ ಗಂಡುಹುಡುಗನೊಬ್ಬನ ದನಿ, "ಆತ್ರಿ ಅಕ್ಕೋರ" ಅಂದಿತು. ಇನ್ನೊಂದನ್ನು ಏರಿಸಿದಳು. ಅದೇ ಮಾತು, ಅದೇ ರಾಗ. ಮಾತಿನ ಕೊನೆಯನ್ನು ತುಸು ಎಳೆದು ಮೇಲಕ್ಕೆತ್ತುವ ಆ ರಾಗ ಪ್ರಮೀಳಾಳದೇ. ಅವಳು ಕಿವಿ ಮುಚ್ಚಿಕೊಂಡು ಹೊರಗೆ ಬಂದಳು.

ಸಮೀನಾ ಮೇಲಿನವರಿಗೆ ಎಲ್ಲವನ್ನೂ ತಿಳಿಸಿದಳು. ಉತ್ತರ ಬೇಗ ಬಂತು, ಸೌಜನ್ಯದಿಂದಲೇ ಬಂತು. ಪಟ್ಟಿ ಬಂದಾಗಿನಿಂದ ಶಾಲೆಗಳ ದೂರು ಇಳಿದಿದೆ. ಪೋಷಕರು ಸಂತೋಷವಾಗಿದ್ದಾರೆ. ಮಕ್ಕಳನ್ನೇ ಕೇಳಿ ನೋಡಿದ್ದೇವೆ, ಒಬ್ಬರೂ ತಕರಾರು ಎತ್ತಿಲ್ಲ. ನೀವು ಹೇಳಿದ್ದನ್ನು ಮುಂದಿನ ಮಾದರಿಯಲ್ಲಿ ಖಂಡಿತ ಪರಿಶೀಲಿಸುತ್ತೇವೆ.

ಮಕ್ಕಳನ್ನೇ ಕೇಳಿ ನೋಡಿದ್ದರಂತೆ. ಪ್ರಮೀಳಾ ಆ ಸಾಲನ್ನು ಇನ್ನೊಮ್ಮೆ ಓದಿ ಎದ್ದಳು.

ಫಕ್ಕೀರವ್ವನ ಮನೆಗೆ ಹೋದಾಗ ಆಕೆ ಆಸ್ಪತ್ರೆಯಲ್ಲಿ ಹೊದೆಯಲೆಂದು ಹೊಸ ಹಚ್ಚಡ ಒಗೆದು ಒಣಹಾಕುತ್ತಿದ್ದಳು. ಹೊನ್ನಿ ಗೋಡೆಗೆ ಆತು ಕೂತಿದ್ದಳು. ಪ್ರಮೀಳಾ ಎಲ್ಲವನ್ನೂ ಹೇಳಿದಳು. ಅಲೆ, ಗೆರೆ ಎಂದೆಲ್ಲ ಹೋಗದೆ, "ಆಕಿ ಒಲ್ಲೆ ಅಂದದ್ದಕ್ಕೆಲ್ಲ ಹೂಂ ಅನ್ನಾಕ ನಾನ ಕಲಿಸೇನಿ ಫಕ್ಕೀರವ್ವಾ, ತಪ್ಪು ನಂದು" ಎಂದು ನೇರವಾಗಿ ಹೇಳಿದಳು.

ಫಕ್ಕೀರವ್ವ ಮಗಳ ಕಡೆ ತಿರುಗಿದಳು. "ಹೊನ್ನೀ, ಅಕ್ಕೋರು ಏನೇನೋ ಅನ್ನಾಕತ್ತಾರ. ದವಾಖಾನಿಗೆ ಹೋಗೂಣಿಲ್ಲೋ?"

"ಆತ್ರಿ ಅಕ್ಕೋರ."

"ಕೇಳಿದ್ರಿಲ್ಲ?"

"ಅದು ಆಕಿ ಅಲ್ಲವ್ವಾ, ಪಟ್ಟಿ! ನೀನು ಹಡದಾಕಿ. ಆಕಿ 'ಆಂ' ಅಂದಾಗ ಮಾರಿ ನೋಡಿ ತಿಳ್ಕೋತಿದ್ದಿ. ಈಗ ಒಮ್ಮೆ ಮಾರಿ ನೋಡು."

ಫಕ್ಕೀರವ್ವ ನೋಡಲಿಲ್ಲ. ನೋಡಲು ಹೆದರಿದಳೋ, ನೋಡುವ ರೂಢಿಯೇ ತಪ್ಪಿತ್ತೋ. ಅವಳಿಗೆ ಸಿಟ್ಟು ಬಂತು. "ಮೂಕಿ ಅವ್ವ, ಮೂಕಿ ಅವ್ವ ಅಂತ ಓಣಿಯಾಗಿನ ಮಂದಿ ಕರದ್ರು. ಈಗ ಹೊನ್ನವ್ವನ ಅವ್ವ ಅಂತಾರ. ಮಾತು ಕೊಟ್ಟವರೂ ನೀವ, ಕಸಗೊಳ್ಳಾಕ ಬಂದವರೂ ನೀವನ ಏನ್ರಿ? ನಿಮ್ಮ ಹೊಟ್ಟ್ಯಾಗ ಏನೈತೋ ಯಾರಿಗೆ ಗೊತ್ತು. ಎಲ್ಲಾ ಹುಡುಗರೂ ಮಾತಾಡಿದ್ರ ನಿಮ್ಮ ಕೆಲಸ ಹೋಗತೈತಿ ಅಂತ ಮಂದಿ ಸುಳ್ಳ ಅನ್ನೂದಿಲ್ಲ."

ಪ್ರಮೀಳಾ ಹೊರಟಳು. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಹೊನ್ನಿ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನಿದೆ ಎಂದು ಓದಲು ಪ್ರಮೀಳಾ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಪಟ್ಟಿ ಬಂದ ಮೇಲೆ ಅವಳೂ ಆ ಮುಖವನ್ನು ಓದುವುದು ಬಿಟ್ಟು ಎರಡು ವರ್ಷವಾಗಿತ್ತು.

ಆಪರೇಷನ್ನಿನ ದಿನ ಕರೆಯದಿದ್ದರೂ ಅವಳು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದಳು. ಕೊನೆಯ ಒಪ್ಪಿಗೆ ಕೇಳಲು ನಿವೃತ್ತ ನ್ಯಾಯಾಧೀಶೆಯೊಬ್ಬರು ಬಂದಿದ್ದರು. ಬಿಳಿ ಕೂದಲಿನ, ಮೆಲುದನಿಯ ಹೆಂಗಸು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಹೊನ್ನಿಯ ಕಣ್ಣಿನ ಮಟ್ಟಕ್ಕೇ ಕೂತಿದ್ದರು. ಸಮೀನಾಳೂ ಇದ್ದಳು. ಪ್ರಮೀಳಾ ಕೈಮುಗಿದು, "ಅಮ್ಮಾ, ಒಮ್ಮಿ ಪಟ್ಟಿ ಬಿಚ್ಚಿ ಕೇಳ್ರಿ. ಒಮ್ಮಿ ಸಾಕು. ಆಕಿಗೆ 'ಆಂ' ಅನ್ನಾಕ ಬರತೈತಿ. ಇಲ್ಲಾಂದ್ರ ಮೊಣಕೈಲೆ ನೂಕ್ತಾಳ" ಅಂದಳು. ಸಮೀನಾಳೂ ಹೌದೆಂದಳು. ನ್ಯಾಯಾಧೀಶೆ ಯೋಚಿಸಿ, ಬಿಚ್ಚಿ ಅಂದರು. ಫಕ್ಕೀರವ್ವ ಮಂಚದ ಇನ್ನೊಂದು ಬದಿಗೆ ಸರಿದು ನಿಂತಳು.

ಪಟ್ಟಿ ಬಿಚ್ಚಿದಾಗ ಕೊರಳಿನ ಚರ್ಮ ಅಲ್ಲಷ್ಟೇ ಬೆಳ್ಳಗಿತ್ತು.

"ಹೇಳವ್ವಾ," ನ್ಯಾಯಾಧೀಶೆ ಅಂದರು. "ಅವಸರಿಲ್ಲ. ಈ ಆಪರೇಷನ್ ನಿನಗ ಬೇಕೋ, ಬ್ಯಾಡೋ? ಬ್ಯಾಡ ಅಂದ್ರ ನನ್ನ ಕೈ ನೂಕು. ಯಾರೂ ಬೈಯಂಗಿಲ್ಲ."

ಪ್ರಮೀಳಾ ಮನಸ್ಸಿನಲ್ಲೇ, ನೂಕು ಮಗಳೇ, ನೂಕು, ಒಮ್ಮೆ ನೂಕು ಎಂದು ಬೇಡಿಕೊಂಡಳು. ಹೊನ್ನಿ ನ್ಯಾಯಾಧೀಶೆಯ ಕೈಯನ್ನು ನೋಡಿದಳು, ಅವ್ವನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತೋ ಅಥವಾ ಕಿಟಕಿಯ ಬೆಳಕಿಗೆ ಹಾಗೆ ಕಂಡಿತೋ. ಆಮೇಲೆ ನಿಧಾನವಾಗಿ ಗದ್ದ ಮೇಲೆತ್ತಿ, ಕೊರಳು ಚಾಚಿ, ಕೂತಳು. ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿಸಿಕೊಳ್ಳಲು ಹಾಗೇ ಕೂರುತ್ತಿದ್ದಳು. ಪ್ರಶ್ನೆ ಕೇಳಿದ್ದಾರೆ, ಉತ್ತರ ಕೊಡುವುದನ್ನು ಕಟ್ಟಿದರೆ ಅದು ಉತ್ತರ ಕೊಡುತ್ತದೆ. ಅವಳಿಗೆ ತಿಳಿದಿದ್ದದ್ದು ಅಷ್ಟು.

ಪ್ರಮೀಳಾಳಿಗೆ ತಡೆಯಲಾಗಲಿಲ್ಲ. "ಬ್ಯಾಡ ಅನ್ನಾಕತ್ತಾಳ್ರಿ!" ಎಂದು ಕೂಗಿಬಿಟ್ಟಳು. "ಆಕಿಗೆ ಬ್ಯಾಡಾಗೈತ್ರಿ ಅಮ್ಮಾ!"

ನ್ಯಾಯಾಧೀಶೆ ಅವಳ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಆಕಿ ಏನೂ ಅಂದಿಲ್ಲ ತಂಗಿ. ಹುಡುಗಿ ಪರವಾಗಿ ಬ್ಯಾರೆಯವರು ಮಾತಾಡಬಾರದು ಅಂತನ ಈ ಕಾನೂನು ಮಾಡಿದ್ದು."

ಪ್ರಮೀಳಾ ಹಿಂದಕ್ಕೆ ಸರಿದಳು. ಅವರ ಮಾತು ಸರಿಯಾಗಿಯೇ ಇತ್ತು. ಹೊನ್ನಿಗೆ ಬೇಡವಾಗಿತ್ತು ಎಂದು ತನಗೆ ಹೇಗೆ ಗೊತ್ತು? ಅಳತೆ ಮಾಡಿದ ಸಮೀನಾಳ ಪರದೆಯಲ್ಲೂ ಬರೀ ಗೆರೆ ಇತ್ತು. ಬೇಕಾಗಿತ್ತೋ ಬೇಡವಾಗಿತ್ತೋ ಹೇಳಬಲ್ಲವಳು ಒಬ್ಬಳೇ, ಅವಳು ಕೊರಳು ಚಾಚಿ ಕಾಯುತ್ತಿದ್ದಳು. ಪಟ್ಟಿ ಕಟ್ಟಿದರು. ಮತ್ತೆ ಕೇಳಿದರು. ಉತ್ತರ ಬಂತು. ಹಸಿರು ಬಾಗಿಲು ತೆರೆದು ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು. ಸಮೀನಾ ಪ್ರಮೀಳಾಳ ಕೈ ಹಿಡಿದುಕೊಂಡಳು.

ಹೊನ್ನಿ ಶಾಲೆಗೆ ಮರಳಿದಾಗ ಹೂವಿನ ಹಾರ ಹಾಕಿ ಬರಮಾಡಿಕೊಂಡರು. ಈಗ ಕೊರಳಲ್ಲಿ ಪಟ್ಟಿ ಇಲ್ಲ, ಬೆರಳ ಉಗುರಿನಷ್ಟು ಗಾಯದ ಗುರುತು ಮಾತ್ರ. ಮಾತು ಮೊದಲಿಗಿಂತ ಇಂಪಾಗಿತ್ತು. ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಅವಳು ಓಲಾಡುತ್ತ ಅಕ್ಕಿಮೂಟೆಗಳ ಪಕ್ಕದ ಕೋಣೆಗೆ ಬಂದಳು. ಪ್ರಮೀಳಾ ನೆಲದ ಮೇಲೆ ಕೂತಿದ್ದಳು. ಎಲ್ಲರ ಕೊರಳಿಗೂ ಪಟ್ಟಿ ಬಂದು, ಕಲಿಸಲು ಮಕ್ಕಳು ಯಾರೂ ಉಳಿದಿರಲಿಲ್ಲ.

"ಆರಾಮ ಅದೀರೇನ್ರಿ ಅಕ್ಕೋರ?" ಅಂದಳು ಹೊನ್ನಿ.

ಪ್ರಮೀಳಾ ಅವಳನ್ನು ಹತ್ತಿರ ಎಳೆದುಕೊಂಡು, ಆ ಓಲಾಡುವ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನನ್ನ ಮ್ಯಾಲೆ ಸಿಟ್ಟ ಐತೇನು ಹೊನ್ನಿ?"

"ಇಲ್ರಿ ಅಕ್ಕೋರ."

"ಇರಲಿ, ಇರಬೇಕು. ಸಿಟ್ಟ ಮಾಡ್ಕೋ. ನನ್ನ ಕೈ ನೂಕು, ಕಡಿ, ಬೈ." ಪ್ರಮೀಳಾ ಅಳುತ್ತಿದ್ದಳು. "ನಿನ್ನ ಕಾಲಿಗೆ ಬೀಳ್ತೇನಿ. ಒಮ್ಮಿ ನನಗ ಬೈ."

"ಆತ್ರಿ ಅಕ್ಕೋರ," ಎಂದಳು ಹೊನ್ನಿ. ಏನಂತ ಬೈಯಬೇಕು ಎಂಬುದನ್ನು ಅಕ್ಕೋರು ಹೇಳಿಕೊಡಲಿ ಎಂದು ಕಾಯುತ್ತ ನಿಂತಳು.